ಚೆಂಡು ಹೂವಿನ ಬಣ್ಣ, ಕೋಷರ್ ಮುದ್ರೆ ಮತ್ತು ಸಿಹಿ ಪೊಟ್ಟಣದ ಹಿಂಬದಿ

ಗುಂಡ್ಲುಪೇಟೆಯಿಂದ ಹಂಗಳದ ಮೂಲಕ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದವರೆಗೆ ಮುಂಗಾರಿನ ತಿಂಗಳುಗಳಲ್ಲಿ ಅರಳಿ ನಿಲ್ಲುವ ಚೆಂಡು ಹೂವಿನ ಹೊಲಗಳನ್ನು ಕಂಡು ಕೇರಳದ ಕಡೆಯಿಂದ ಬರುವ ಪ್ರವಾಸಿಗರು ವಾಹನ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಆ ಹೂವಿನ ದೊಡ್ಡ ಪಾಲು ಮಾಲೆಯಾಗುವುದೂ ಇಲ್ಲ, ದೇವರ ಮುಡಿಗೆ ಏರುವುದೂ ಇಲ್ಲ. ಬಿತ್ತನೆಗೆ ಮೊದಲೇ ರೈತರೊಂದಿಗೆ ಒಪ್ಪಂದ ಮಾಡಿಕೊಂಡ ಕಂಪನಿಗಳು ಅದನ್ನು ಕಿಲೋ ಲೆಕ್ಕದಲ್ಲಿ ಕೊಂಡು ಕಾರ್ಖಾನೆಗೆ ಸಾಗಿಸುತ್ತವೆ. ಅಲ್ಲಿ ಹೂವನ್ನು ರಾಶಿ ಹಾಕಿ ಹುದುಗಿಸಿ, ಹಿಂಡಿ, ಒಣಗಿಸಿ, ಉಂಡೆಗಟ್ಟಿಸಿದ ಮೇಲೆ ಹೆಕ್ಸೇನ್ ಎಂಬ ದ್ರಾವಕದ ನೆರವಿನಿಂದ ಅದರ ಸಾರವನ್ನು ತೆಗೆಯುತ್ತಾರೆ. ಓಲಿಯೋರೆಸಿನ್ ಎಂದು ಕರೆಯಲಾಗುವ ಈ ಗಾಢ ಅಂಟಿನಲ್ಲಿರುವ ಮುಖ್ಯ ವರ್ಣದ್ರವ್ಯವೇ ಲ್ಯೂಟಿನ್. ಅದು ಮೊಟ್ಟೆಯ ಹಳದಿ ಭಾಗಕ್ಕೆ ಬಣ್ಣ ಬರಲೆಂದು ಕೋಳಿ ಆಹಾರಕ್ಕೂ, ಕಣ್ಣಿನ ಆರೋಗ್ಯದ ಹೆಸರಿನಲ್ಲಿ ಮಾರುವ ಮಾತ್ರೆಗಳಿಗೂ, 161ಬಿ ಎಂಬ ಸಂಖ್ಯೆಯ ಆಹಾರ ಬಣ್ಣವಾಗಿ ತಿಂಡಿ ಪಾನೀಯಗಳಿಗೂ ಹೋಗುತ್ತದೆ. ಇದೇ ಸೀಮೆಯಲ್ಲಿ ಬೆಳೆಯುವ ಅರಿಸಿನದ ಬಣ್ಣಕ್ಕೆ 100 ಎಂಬ ಸಂಖ್ಯೆ ಇದೆ.

ಇಂಥ ಸಾರಗಳು ಯುರೋಪು, ಅಮೆರಿಕಗಳ ತಿಂಡಿ ತಯಾರಕರನ್ನು ತಲುಪುವಾಗ ಪ್ರಯೋಗಾಲಯದ ವರದಿಯ ಜೊತೆಗೆ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಇನ್ನೊಂದು ಕಾಗದವೆಂದರೆ ಕೋಷರ್ ಪ್ರಮಾಣಪತ್ರ. ಯಹೂದಿ ಧರ್ಮಶಾಸ್ತ್ರದ ಪ್ರಕಾರ ತಿನ್ನಲು ಯೋಗ್ಯವಾದ ಆಹಾರವೇ ಕೋಷರ್. ಹೀಬ್ರೂ ಬೈಬಲಿನ ಯಾಜಕಕಾಂಡ ಮತ್ತು ಧರ್ಮೋಪದೇಶಕಾಂಡಗಳಲ್ಲಿ ಮೂಲವಿರುವ ಈ ನಿಯಮಗಳಂತೆ ಗೊರಸು ಸೀಳಿದ್ದು ಮೆಲುಕು ಹಾಕುವ ಪ್ರಾಣಿಗಳನ್ನು ಮಾತ್ರ ತಿನ್ನಬಹುದು. ಮೀನಿಗೆ ಈಜುರೆಕ್ಕೆ ಮತ್ತು ಪೊರೆ ಎರಡೂ ಇರಬೇಕು. ಹುಳುಹುಪ್ಪಟೆಗಳು ಬಹುತೇಕ ನಿಷಿದ್ಧ. ಮಾಂಸವನ್ನೂ ಹಾಲನ್ನೂ ಬೆರೆಸುವಂತಿಲ್ಲ, ಅವೆರಡಕ್ಕೂ ಪಾತ್ರೆಗಳೇ ಬೇರೆ. ಹೀಗಾಗಿ ಆಹಾರವೆಲ್ಲ ಮಾಂಸದ್ದು, ಹಾಲಿನದು, ಎರಡೂ ಅಲ್ಲದ್ದು ಎಂದು ಮೂರಾಗಿ ವಿಂಗಡಗೊಳ್ಳುತ್ತದೆ. ಈ ಮೂರನೆಯ ವರ್ಗವನ್ನು ಪಾರೆವ್ ಎನ್ನುತ್ತಾರೆ. ಧಾನ್ಯ, ಹಣ್ಣು, ತರಕಾರಿ, ಸಕ್ಕರೆಗಳೊಂದಿಗೆ ಮೊಟ್ಟೆ ಮತ್ತು ಮೀನು ಕೂಡ ಈ ವರ್ಗಕ್ಕೇ ಸೇರುತ್ತವೆಂಬುದನ್ನು ಕನ್ನಡದ ಸಸ್ಯಾಹಾರಿ ಓದುಗರು ವಿಶೇಷವಾಗಿ ಗಮನಿಸಬೇಕು.

ರಬ್ಬಿ, ಅಂದರೆ ಯಹೂದಿ ಧರ್ಮಗುರು, ಬಂದು ಮಂತ್ರ ಹೇಳಿ ಆಶೀರ್ವದಿಸಿದರೆ ಆಹಾರ ಕೋಷರ್ ಆಗುತ್ತದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅವರು ಮಾಡುವುದು ತಪಾಸಣೆ. ಚೆಂಡು ಹೂವಿನ ಸಾರವನ್ನೇ ತೆಗೆದುಕೊಂಡರೆ, ಹೂವು ಸಸ್ಯಜನ್ಯವೆಂಬಷ್ಟಕ್ಕೆ ವಿಚಾರಣೆ ಮುಗಿಯುವುದಿಲ್ಲ. ಸಾರ ನೀರಿನಲ್ಲಿ ಕರಗಲೆಂದು ಪಾಲಿಸೋರ್ಬೇಟ್ ಸೇರಿಸಿದ್ದರೆ ಅದರ ಕೊಬ್ಬಿನಾಮ್ಲ ತಾಳೆ ಎಣ್ಣೆಯಿಂದ ಬಂದದ್ದೋ ಪ್ರಾಣಿಯ ಕೊಬ್ಬಿನಿಂದಲೋ, ಪುಡಿಯನ್ನು ಮಣಿಗಳಾಗಿಸಲು ಬಳಸಿದ ಲೇಪ ಪಿಷ್ಟವೋ ಜೆಲಟಿನ್ನೋ (ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆಯುವ ಅಂಟು), ಅದೇ ಕೊಪ್ಪರಿಗೆಯಲ್ಲಿ ಹಿಂದಿನ ವಾರ ಬೇರೇನನ್ನು ಕಾಯಿಸಲಾಗಿತ್ತು ಎಂಬ ಪ್ರಶ್ನೆಗಳಿಗೆ ದಾಖಲೆಸಹಿತ ಉತ್ತರ ಕೊಡಬೇಕಾಗುತ್ತದೆ. ಕೊಪ್ಪರಿಗೆ ನಿಷಿದ್ಧ ವಸ್ತುವಿನ ಸಂಪರ್ಕಕ್ಕೆ ಬಂದಿದ್ದರೆ ಅದನ್ನು ತೊಳೆದು, ಇಪ್ಪತ್ನಾಲ್ಕು ಗಂಟೆ ಖಾಲಿ ಬಿಟ್ಟು, ಕುದಿಯುವ ನೀರಿನಿಂದ ಶುದ್ಧಿಗೊಳಿಸಿದ ಬಳಿಕವೇ ಮತ್ತೆ ಬಳಸಲು ಅವಕಾಶ. ಪ್ರಮಾಣಪತ್ರಕ್ಕೆ ಅವಧಿಯಿದ್ದು, ಅದು ಮುಗಿದಾಗ ನವೀಕರಿಸಿಕೊಳ್ಳಬೇಕು.

ದೇವಸ್ಥಾನದ ಪಾಕಶಾಲೆಯ ಮಡಿಯನ್ನು ಬಲ್ಲವರಿಗೆ ಈ ಕಟ್ಟುನಿಟ್ಟು ಅಪರಿಚಿತವೆನಿಸದು. ನೈವೇದ್ಯದ ಪಾತ್ರೆ ಬೇರೆ ಅಡುಗೆಗೆ ಸಲ್ಲುವುದಿಲ್ಲ, ಸಮರ್ಪಣೆಗೆ ಮೊದಲು ಅಡುಗೆಯವರು ರುಚಿ ನೋಡುವುದಿಲ್ಲ, ಯಾರು ಬೇಯಿಸಿದರೆಂಬುದೂ ಮುಖ್ಯವಾಗುತ್ತದೆ. ಆದರೆ ಮಡಿ ಅಡುಗೆ ಮಾಡುವವರ ಶೌಚವನ್ನು ಕೇಂದ್ರವಾಗಿಸಿಕೊಂಡರೆ ಕೋಷರ್ ನಿಯಮದ ಕೇಂದ್ರದಲ್ಲಿರುವುದು ಪದಾರ್ಥದ ಮೂಲ ಮತ್ತು ಪಾತ್ರೆಯ ಪೂರ್ವಚರಿತ್ರೆ. ಈ ಕಾರಣದಿಂದಲೇ ಅದು ಕಾರ್ಖಾನೆಯ ಯುಗಕ್ಕೆ ಹೊಂದಿಕೊಂಡು ಕಾಗದಪತ್ರದ ವ್ಯವಸ್ಥೆಯಾಗಿ ಬೆಳೆಯಲು ಸಾಧ್ಯವಾಯಿತು.

ಪೊಟ್ಟಣದ ಮೇಲೆ ಈ ವ್ಯವಸ್ಥೆ ಚಿಕ್ಕ ಮುದ್ರೆಯಾಗಿ ಕಾಣಿಸಿಕೊಳ್ಳುತ್ತದೆ. ವೃತ್ತದೊಳಗಿನ ಯು ಅಕ್ಷರ 1898ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕಿನ ಆರ್ಥೊಡಾಕ್ಸ್ ಯೂನಿಯನ್ನಿನದು. ವೃತ್ತದೊಳಗಿನ ಕೆ, ನಕ್ಷತ್ರದೊಳಗಿನ ಕೆ, ಲಂಡನ್ ಬೆತ್ ದಿನ್ನಿನ ಕೆಎಲ್‌ಬಿಡಿ ಬೇರೆ ಬೇರೆ ಸಂಸ್ಥೆಗಳವು. ಇವು ನೋಂದಾಯಿತ ಗುರುತುಗಳಾದ್ದರಿಂದ ಅನುಮತಿಯಿಲ್ಲದೆ ಮುದ್ರಿಸಿದವರನ್ನು ಕಾನೂನಿನ ಮುಂದೆ ನಿಲ್ಲಿಸಬಹುದು. ಯಾವ ಆವರಣವೂ ಇಲ್ಲದ ಬರಿಯ ಕೆ ಅಕ್ಷರಕ್ಕೆ ಅಂಥ ರಕ್ಷಣೆಯಿಲ್ಲ. ಅದರ ಹಿಂದೆ ಕಟ್ಟುನಿಟ್ಟಾದ ರಬ್ಬಿಯೊಬ್ಬರು ಇರಬಹುದು, ತಯಾರಕರ ಸ್ವಂತ ಹೇಳಿಕೆ ಮಾತ್ರವೂ ಇರಬಹುದು. ಮುದ್ರೆಯ ಪಕ್ಕದ ಡಿ ಹಾಲಿನ ಅಂಶವಿದೆಯೆಂದು ತಿಳಿಸುತ್ತದೆ, ಡಿಇ ಎಂದಿದ್ದರೆ ಹಾಲಿನ ತಿಂಡಿ ತಯಾರಾಗುವ ಯಂತ್ರದಲ್ಲಿ ಮಾಡಿದ್ದೆಂದು ಅರ್ಥ. ಪಿ ಎಂಬುದನ್ನು ಪಾರೆವ್ ಎಂದು ಓದಿಕೊಳ್ಳುವವರು ಅನೇಕರು, ಆದರೆ ಅದು ಪಾಸೋವರ್ ಹಬ್ಬಕ್ಕೆ ಯೋಗ್ಯವೆಂಬುದರ ಸೂಚನೆ. ಆ ಹಬ್ಬದ ದಿನಗಳಲ್ಲಿ ಹುದುಗಿದ ಧಾನ್ಯ ವರ್ಜ್ಯವಾಗಿದ್ದು, ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳು ಬೇಳೆಕಾಳುಗಳನ್ನೂ ಬಿಡುವ ಸಂಪ್ರದಾಯವಿರುವುದರಿಂದ, ಸಕ್ಕರೆ, ತುಪ್ಪ, ಕಡಲೆಹಿಟ್ಟು ಬಿಟ್ಟರೆ ಬೇರೇನೂ ಇಲ್ಲದ ಮೈಸೂರು ಪಾಕು ಉಳಿದ ದಿನಗಳಲ್ಲಿ ಸಲ್ಲಬಹುದಾದರೂ ಆ ವಾರ ಅವರ ಮನೆಗೆ ಸಲ್ಲದು.

ಅಮೆರಿಕದಲ್ಲಿ ನೆಲೆಸಿದ ಸಸ್ಯಾಹಾರಿ ಕನ್ನಡ ಕುಟುಂಬಗಳಿಗೆ ಈ ಮುದ್ರೆಗಳು ದೂರದ ಧರ್ಮವೊಂದರ ಸಂಗತಿಯಾಗಿ ಉಳಿದಿಲ್ಲ. ಅಲ್ಲಿನ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಕಡ್ಡಾಯವಲ್ಲದ ಕಾರಣ ಮಾಂಸಾಂಶವನ್ನು ದೂರವಿಡಲು ಹಲವರು ಕೋಷರ್ ಮುದ್ರೆಯನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಈ ಲೆಕ್ಕ ಸ್ವಲ್ಪ ದೂರದವರೆಗೆ ಸರಿ. ಹಾಲೂ ಮಾಂಸವೂ ಬೆರೆಯುವಂತಿಲ್ಲವಾದ್ದರಿಂದ ಡಿ ಗುರುತಿನ ಚಾಕೊಲೇಟಿನಲ್ಲಿ ಮಾಂಸ ಇರಲಾರದು. ಆದರೆ ಮೊಟ್ಟೆ ಇರಬಹುದು. ಚೀಸ್‌ಗಾಗಿ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿರಬಹುದು. ಪಾರೆವ್ ಎಂದಿರುವ ಮೆತ್ತನೆಯ ಮಿಠಾಯಿಯಲ್ಲಿ ಮೀನಿನ ಜೆಲಟಿನ್ ಇರಬಹುದು. ಪ್ರಾಣಿ ಮೂಲದ ಜೆಲಟಿನ್ ಸಂಸ್ಕರಣೆಯಲ್ಲಿ ಪೂರ್ತಿ ರೂಪಾಂತರ ಹೊಂದುವುದರಿಂದ ಅದು ಮಾಂಸವೇ ಅಲ್ಲವೆಂದು ವಾದಿಸಿದ ಕೆಲವು ರಬ್ಬಿಗಳ ಅಭಿಪ್ರಾಯವನ್ನು ದೊಡ್ಡ ಸಂಸ್ಥೆಗಳು ಒಪ್ಪದಿದ್ದರೂ, ಅದೇ ಅಭಿಪ್ರಾಯದ ಬಲದ ಮೇಲೆ ಬರಿಯ ಕೆ ಹೊತ್ತ ಜೆಲ್ಲಿಗಳು ಮಾರಾಟವಾಗಿವೆ. ಯಹೂದಿಗಳ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಲಿಂಗಾಯತರು, ಜೈನರು, ಬ್ರಾಹ್ಮಣರು ತಮ್ಮ ಪ್ರಶ್ನೆಯ ಉತ್ತರವೆಂದು ಓದಿಕೊಂಡರೆ ತಪ್ಪುವುದು ಸಹಜ.

ಭಾರತದ ಹಸಿರು ಗುರುತಿಗೂ ಇಂಥದೇ ಮಿತಿಗಳಿವೆ. ಹಸಿರು ಅಂಚಿನ ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಮೊದಲು ಎರಡಕ್ಕೂ ಚುಕ್ಕೆಯೇ ಇತ್ತು. ಬಣ್ಣಗುರುಡು ಇರುವವರಿಗೂ ವ್ಯತ್ಯಾಸ ತಿಳಿಯಲೆಂದು 2020ರ ನಿಯಮಾವಳಿಯಲ್ಲಿ ಕಂದು ಚುಕ್ಕೆ ತ್ರಿಕೋನವಾಯಿತು. ಪ್ರಾಣಿ, ಪಕ್ಷಿ, ಜಲಚರ, ಮೊಟ್ಟೆ, ಪ್ರಾಣಿಜನ್ಯ ವಸ್ತು ಯಾವುದಿದ್ದರೂ ಕಂದು ಗುರುತು ಕಡ್ಡಾಯವೆನ್ನುವ ಕಾನೂನು ಹಾಲು ಮತ್ತು ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗುಗಳಿಗೆ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಬಣ್ಣದ ಮಿಠಾಯಿಗೆ ಹೊಳಪು ಕೊಡುವ 904, ಅರಗಿನ ಹುಳು ಸ್ರವಿಸುವ ರಾಳವಾದರೂ, ಹಸಿರು ಚುಕ್ಕೆಗೆ ಅಡ್ಡಿಯಾಗದು. ಬಹುಪಾಲು ಕೋಷರ್ ಸಂಸ್ಥೆಗಳು ಕೂಡ ಅದನ್ನು ಒಪ್ಪುತ್ತವೆ, ಆದರೆ ಕೊಚಿನಿಯಲ್ ಎಂಬ ಹುಳುವನ್ನು ಒಣಗಿಸಿ ಪುಡಿಮಾಡಿ ತೆಗೆಯುವ 120 ಎಂಬ ಕೆಂಪು ಬಣ್ಣವನ್ನು ಒಪ್ಪುವುದಿಲ್ಲ. ಬರ್ಫಿಯ ಮೇಲಿನ ಬೆಳ್ಳಿರೇಕು ದನದ ಕರುಳಿನ ಪದರಗಳ ನಡುವೆ ಬಡಿದು ತಯಾರಾಗುತ್ತಿದ್ದುದು ಬಹುಕಾಲ ತಿನ್ನುವವರ ಅರಿವಿಗೇ ಬಂದಿರಲಿಲ್ಲ. ರೇಕು ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಿಯಮ ಮಾಡಿದ್ದು 2016ರಲ್ಲಿ.

ಕೋಯಿಕ್ಕೋಡ್ ಮತ್ತು ಉದಕಮಂಡಲದ ಹೆದ್ದಾರಿಗಳು ಕೂಡುವ ಗುಂಡ್ಲುಪೇಟೆಯಂಥ ಊರಿನಲ್ಲಿ ಮೈಸೂರಿನ ಪಾಕು, ಕೋಯಿಕ್ಕೋಡಿನ ಹಲ್ವ, ಊಟಿಯ ಚಾಕೊಲೇಟು ಮೂರೂ ಪ್ರಯಾಣಿಕರ ಚೀಲ ಸೇರುತ್ತವೆ. ಇವುಗಳ ಪೊಟ್ಟಣ ತಿರುಗಿಸಿ ನೋಡಿದರೆ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆಯೊಂದು ಕಾಣುತ್ತದೆ. ಅದರ ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಸಣ್ಣ ಉದ್ಯಮದ ನೋಂದಣಿ. ಮುಂದಿನ ಎರಡು ಅಂಕಿಗಳು ರಾಜ್ಯವನ್ನೂ ಆಮೇಲಿನ ಎರಡು ವರ್ಷವನ್ನೂ ಸೂಚಿಸುತ್ತವೆ. ಕರ್ನಾಟಕದ ಸಂಕೇತ 12, ಕೇರಳದ್ದು 13, ತಮಿಳುನಾಡಿನದು 24. ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮುಂದೆಯೂ ಯಾವ ದಿನದೊಳಗೆ ತಿಂದರೆ ಉತ್ತಮವೆಂದು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ತೊಡಕು ಇರುವುದು ಪದಾರ್ಥಗಳ ಪಟ್ಟಿಯಲ್ಲಿ. 471 ಎಂದು ಬರೆದಿರುವ ಎಮಲ್ಸಿಫೈಯರ್, ಅಂದರೆ ಎಣ್ಣೆಯೂ ನೀರೂ ಬೇರ್ಪಡದಂತೆ ಹಿಡಿದಿಡುವ ವಸ್ತು, ಸಸ್ಯದ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. 422 ಎಂಬ ಗ್ಲಿಸರಿನ್ ಕೂಡ ಹಾಗೆಯೇ. 322 ಎಂಬ ಲೆಸಿಥಿನ್ ಸಾಮಾನ್ಯವಾಗಿ ಸೋಯಾದ್ದಾದರೂ ಮೊಟ್ಟೆಯಿಂದಲೂ ತೆಗೆಯುತ್ತಾರೆ. ಸಂಖ್ಯೆ ಒಂದೇ, ಮೂಲ ಎರಡು. ಈ ಕೊರತೆಯನ್ನು ಗುರುತಿಸಿದ ದೆಹಲಿ ಹೈಕೋರ್ಟು ರಾಮ್ ಗೋ ರಕ್ಷಾ ದಳದ ಅರ್ಜಿಯ ಮೇಲೆ 2021ರ ಡಿಸೆಂಬರಿನಲ್ಲಿ ಆದೇಶ ನೀಡಿ, ಪ್ರತಿಯೊಂದು ಪದಾರ್ಥವನ್ನೂ ಸಂಕೇತ ಸಂಖ್ಯೆಯಿಂದ ಮಾತ್ರ ಹೇಳದೆ, ಅದು ಎಷ್ಟೇ ಅಲ್ಪ ಪ್ರಮಾಣದಲ್ಲಿದ್ದರೂ, ಸಸ್ಯ ಮೂಲದ್ದೋ ಪ್ರಾಣಿ ಮೂಲದ್ದೋ ಪ್ರಯೋಗಾಲಯದಲ್ಲಿ ತಯಾರಾದದ್ದೋ ಎಂದು ತಿಳಿಸಬೇಕೆಂದಿತು. ಏನನ್ನು ತಿನ್ನುತ್ತಿದ್ದೇವೆಂದು ತಿಳಿಯುವುದು ತಿನ್ನುವವರ ಹಕ್ಕು ಎಂಬ ಆ ನಿಲುವು ಬೆಲೆಯುಳ್ಳದ್ದು.

ಮುದ್ರೆಯೇ ಇಲ್ಲದ ಕಾಲದಲ್ಲಿ ಈ ಹಕ್ಕು ಪರಿಚಯದ ಮೂಲಕ ಈಡೇರುತ್ತಿತ್ತು. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ಪ್ರವಾದಿ ಎಲೀಯನ ಹೆಸರಿನಲ್ಲಿ ಅರ್ಪಿಸುವ ಮಲಿದಾ ಎಂಬ ಸಿಹಿಯಲ್ಲಿ ಇರುವುದು ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಹಣ್ಣು. ಮನೆಯಲ್ಲೇ ಕಣ್ಣೆದುರು ಕಲಸಿದ ಅದಕ್ಕೆ ಯಾವ ಸಂಸ್ಥೆಯ ಮುದ್ರೆಯೂ ಬೇಕಿರಲಿಲ್ಲ. ಕೃಷ್ಣನ ಗುಡಿಗಳಲ್ಲಿ ಅವಲಕ್ಕಿಯ ಪ್ರಸಾದ ಪಡೆದವರಿಗೆ ಅದು ಅನ್ಯವೆನಿಸುವ ತಿನಿಸೂ ಅಲ್ಲ.

ಆದರೆ ಪರಿಚಯವೊಂದೇ ಸಾಲದೆಂಬುದನ್ನು ಗುಂಡ್ಲುಪೇಟೆ ಇರುವ ಚಾಮರಾಜನಗರ ಜಿಲ್ಲೆ ಅತ್ಯಂತ ಕಹಿಯಾದ ರೀತಿಯಲ್ಲಿ ಕಂಡಿದೆ. ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮ ದೇವಸ್ಥಾನದಲ್ಲಿ 2018ರ ಡಿಸೆಂಬರ್ 14ರಂದು ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಪ್ರಾಣ ಕಳೆದುಕೊಂಡರು. ತಿರುಪತಿ ಲಡ್ಡುವಿನ ತುಪ್ಪದ ವಿವಾದ ಎದ್ದ 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮುಜರಾಯಿ ಇಲಾಖೆ ತನ್ನ ದೇವಾಲಯಗಳಲ್ಲಿ ನಂದಿನಿ ತುಪ್ಪವನ್ನೇ ಬಳಸಬೇಕೆಂದು ಸೂಚಿಸಿತು. ತುಪ್ಪದ ಮೂಲವನ್ನು ಗೊತ್ತಿರುವ ಒಂದು ಸಹಕಾರಿ ಸಂಸ್ಥೆಗೆ ಕಟ್ಟಿಹಾಕುವ ಈ ಕ್ರಮದಲ್ಲಿ ಕೋಷರ್ ತಪಾಸಣೆಯ ತರ್ಕವೇ ಕೆಲಸ ಮಾಡಿದೆ.

1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಹೊಯ್ಸಳರ ಮೂರನೇ ಬಲ್ಲಾಳನ ಕಾಲದ ಗುಡಿಯಲ್ಲಿರುವ ವೇಣುಗೋಪಾಲನ ದರ್ಶನಕ್ಕೆ ಹೋಗುವವರು ಬುಡದಲ್ಲೇ ಸ್ವಂತ ವಾಹನ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. ಬೆಟ್ಟವಿರುವ ಹುಲಿ ರಕ್ಷಿತಾರಣ್ಯದೊಳಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲವಾದ್ದರಿಂದ ಸಿಹಿಯ ಪೊಟ್ಟಣಗಳ ವ್ಯವಹಾರವೆಲ್ಲ ಕೆಳಗಿನ ಊರುಗಳದ್ದೇ. ಆ ಪೊಟ್ಟಣಗಳ ತಯಾರಕರಲ್ಲಿ ಹೊರದೇಶಕ್ಕೂ ಮಾಲು ಕಳಿಸುವವರು ಕೋಷರ್ ತಪಾಸಣೆಗೆ ಒಳಪಟ್ಟಿದ್ದರೆ ತಮ್ಮ 471 ಯಾವ ಎಣ್ಣೆಯಿಂದ ಬಂತು, 322 ಯಾವ ಕಾಳಿನದು, ಹಳದಿ ಬಣ್ಣ ಯಾವ ಗಿಡದ್ದು ಎಂಬ ವಿವರವನ್ನು ಸರಬರಾಜುದಾರರ ಸಹಿಯೊಂದಿಗೆ ಕಡತದಲ್ಲಿ ಇಟ್ಟುಕೊಂಡಿರಲೇಬೇಕು, ಏಕೆಂದರೆ ಅದಿಲ್ಲದೆ ಪ್ರಮಾಣಪತ್ರ ಸಿಗುವುದಿಲ್ಲ. ನ್ಯೂಯಾರ್ಕಿನ ರಬ್ಬಿಗೆ ಕೊಟ್ಟ ಅದೇ ಉತ್ತರವನ್ನು ಗುಂಡ್ಲುಪೇಟೆಯ ಗ್ರಾಹಕರಿಗೂ ತಿಳಿಸಲು ಸಂಖ್ಯೆಯ ಪಕ್ಕದಲ್ಲಿ ‘ಸೋಯಾ’, ‘ತಾಳೆ ಎಣ್ಣೆ’, ‘ಚೆಂಡು ಹೂವು’ ಎಂಬ ಒಂದೆರಡು ಪದಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದರೆ ಸಾಕು.