ರೇಷನ್ ಅಕ್ಕಿಯಲ್ಲಿ ‘ಪ್ಲಾಸ್ಟಿಕ್’ ಕಾಳು: ನಿಜವೇನು?

ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯುವ ಸಿರುಗುಪ್ಪ, ಕುರುಗೋಡಿನವರಿಗೆ ಅಕ್ಕಿ ಹೊಸದಲ್ಲ. ಬಳ್ಳಾರಿ ನಗರದವರ ಊಟದಲ್ಲೂ ಅನ್ನ ಇದ್ದೇ ಇರುತ್ತದೆ. ಹಾಗಾಗಿ ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಬೇರೆ ಬಣ್ಣದ, ನೀರಲ್ಲಿ ತೇಲುವ ಕಾಳು ಕಂಡರೆ ಅನುಮಾನ ಸಹಜ. ವಾಟ್ಸಾಪ್‌ನ ‘ಪ್ಲಾಸ್ಟಿಕ್ ಅಕ್ಕಿ’ ಸಂದೇಶ ನಂಬಿ ಅದನ್ನು ಆರಿಸಿ ಎಸೆಯುವವರೂ ಇದ್ದಾರೆ.

ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ ಕಾಳಿನ ಆಕಾರ ಕೊಡುತ್ತಾರೆ. 100 ಕೆ.ಜಿ. ಅಕ್ಕಿಗೆ ಸುಮಾರು 1 ಕೆ.ಜಿ. ಬೆರೆಸುತ್ತಾರೆ. ರಕ್ತಹೀನತೆ ತಗ್ಗಿಸುವುದು ಇದರ ಉದ್ದೇಶ. ಪ್ರಧಾನಿ 2021ರ ಆಗಸ್ಟ್ 15ರಂದು ಘೋಷಿಸಿದ ಈ ಯೋಜನೆ 2024ರ ಮಾರ್ಚ್ ವೇಳೆಗೆ ದೇಶದ ಪಡಿತರಕ್ಕೆಲ್ಲ ವಿಸ್ತರಿಸಿತು.

ಪ್ಲಾಸ್ಟಿಕ್ ಬೆಂಕಿಗೆ ಕರಗಿ ತೊಟ್ಟಿಕ್ಕುತ್ತದೆ. ಈ ಕಾಳು ಅಕ್ಕಿಯಂತೆಯೇ ಕರಕಲಾಗುತ್ತದೆ, ಕುದಿಸಿದರೆ ಬೇಯುತ್ತದೆ.

ಏನು ಮಾಡಬೇಕು? ಕಾಳು ಆರಿಸಬೇಡಿ, ಅತಿಯಾಗಿ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ. ಥಲಸ್ಸೇಮಿಯಾ ಇರುವವರು ವೈದ್ಯರನ್ನು ಕೇಳಿ ಬಳಸಿ. ಎಸೆದರೆ ನಷ್ಟ ಮನೆಯ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ. ‘ಪ್ಲಾಸ್ಟಿಕ್ ಅಕ್ಕಿ’ ಸಂದೇಶ ಬಂದರೆ ಫಾರ್ವರ್ಡ್ ಮಾಡದೆ ಅಲ್ಲೇ ನಿಲ್ಲಿಸಿ.