ಓರೆಯಾಗುವ ರೈಲು: ಜಡತ್ವದ ಪಾಠಕ್ಕೆ ಒಂದು ಉದಾಹರಣೆ

ಒಂಬತ್ತನೆಯ ತರಗತಿಯಲ್ಲಿ ಜಡತ್ವಕ್ಕೆ ನಾವು ಕೊಡುವ ಉದಾಹರಣೆಗಳು ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತವೆ. ಬಸ್ಸು ಹೊರಟಾಗ ಹಿಂದಕ್ಕೆ ವಾಲುವುದು, ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುವುದು, ಲೋಟದ ಮೇಲಿನ ರಟ್ಟು ಮತ್ತು ನಾಣ್ಯ. ತಿರುವಿನಲ್ಲಿ ಪಕ್ಕಕ್ಕೆ ವಾಲುವುದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತೇವೆ. ಕಳಸದಲ್ಲಿ ಬೋಧನಾಭ್ಯಾಸ ಮಾಡುವವರು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೊಟ್ಟಿಗೆಹಾರ ದಾಟಿ ಮೂಡಿಗೆರೆಗೆ ಹೋಗುವ ಬಸ್ಸು ನೆಟ್ಟಗೆ ಓಡುವುದೇ ಅಪರೂಪ. ಇಲ್ಲಿನ ಮಕ್ಕಳ ಪೂರ್ವಜ್ಞಾನವೆಲ್ಲ ತಿರುವಿನಲ್ಲೇ ಇದೆ.

ರೈಲಿನ ವಿಷಯದಲ್ಲಿ ಅವರ ಅನುಭವ ಕಡಿಮೆ. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದದ್ದೇ 2013ರಲ್ಲಿ. ಕಳಸದ ಬೆಟ್ಟಗಳಿಗೆ ಹಳಿ ಬಂದಿಲ್ಲ. ಆದರೆ ಮೊಬೈಲಿನಲ್ಲಿ ವಂದೇ ಭಾರತ್ ನೋಡದವರಿಲ್ಲ. 'ಅಷ್ಟು ಸ್ಪೀಡಲ್ಲಿ ತಿರುವು ಬಂದ್ರೆ ಮಗುಚೋದಿಲ್ವಾ ಮೇಡಂ?' ಎಂದು ಒಬ್ಬ ಹುಡುಗ ಕೇಳಿದ ಮೇಲೆ ನಾನು ಓರೆಯಾಗುವ ರೈಲನ್ನು ಪಾಠಯೋಜನೆಗೆ ಸೇರಿಸಿದೆ.

ಮೊದಲು ಶಿಕ್ಷಕರಿಗಾಗಿ ಒಂದು ಲೆಕ್ಕ. ತಿರುವಿನ ಕೇಂದ್ರದ ಕಡೆಗಿನ ವೇಗೋತ್ಕರ್ಷ ಎಂದರೆ ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದ್ದು. ನಮ್ಮ ಬಸ್ಸು ಗಂಟೆಗೆ 20 ಕಿ.ಮೀ. ಜವದಲ್ಲಿ 20 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಅದು ಸುಮಾರು 1.54 ಮೀ/ಸೆ². ಗಂಟೆಗೆ 90 ಕಿ.ಮೀ. ಜವದ ರೈಲು 400 ಮೀಟರ್ ತ್ರಿಜ್ಯದ ತಿರುವಿಗೆ ಬಂದರೆ 1.56. ಎರಡೂ ಹೆಚ್ಚುಕಡಿಮೆ ಒಂದೇ. ರೈಲು ಹತ್ತದ ಮಗುವಿಗೂ ವೇಗದ ರೈಲಿನ ತಿರುವು ಮೈಗೆ ಹೇಗಿರುತ್ತದೆ ಎಂದು ಗೊತ್ತಿದೆ. ಸೂತ್ರ ಈ ತರಗತಿಯದ್ದಲ್ಲ, ಕಪ್ಪುಹಲಗೆಗೆ ತರಬೇಕಾಗಿಲ್ಲ.

'ತಿರುವಿನಲ್ಲಿ ಏನಾಗುತ್ತದೆ?' ಎಂದರೆ ಮಕ್ಕಳು 'ಹೊರಗಡೆಗೆ ಎಳೀತದೆ' ಎನ್ನುತ್ತಾರೆ. ಎಳೆಯುವವರು ಯಾರೂ ಇಲ್ಲ. ದೇಹ ನೇರ ಹೋಗಲು ನೋಡುತ್ತದೆ, ಬಸ್ಸು ತಿರುಗುತ್ತದೆ, ಬಸ್ಸಿನ ಪಕ್ಕ ಬಂದು ನಮ್ಮನ್ನು ಒಳಕ್ಕೆ ತಳ್ಳುತ್ತದೆ. ಇದು ಸ್ಪಷ್ಟವಾಗದೆ ರೈಲಿಗೆ ಹೋಗಬಾರದು.

ರೈಲು ಹಳಿಯ ತಿರುವುಗಳಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸಿರುತ್ತಾರೆ. ನಮ್ಮ ಬ್ರಾಡ್‌ಗೇಜಿನಲ್ಲಿ ಸಾಮಾನ್ಯವಾಗಿ ಇದರ ಗರಿಷ್ಠ ಮಿತಿ 165 ಮಿ.ಮೀ., ಅಂದರೆ ಸುಮಾರು 5.4 ಡಿಗ್ರಿ ಓರೆ. ಮೇಲಿನ ಲೆಕ್ಕದ ತಿರುವಿನಲ್ಲಿ ಪ್ರಯಾಣಿಕನಿಗೆ ಪಕ್ಕದ ನೂಕು ಒಂದಿಷ್ಟೂ ತಿಳಿಯಬಾರದು ಎಂದರೆ ಸುಮಾರು 9 ಡಿಗ್ರಿ ಬೇಕು. ಹಳಿಯನ್ನೇ ಇನ್ನಷ್ಟು ಎತ್ತರಿಸಬಾರದೇಕೆ? ಅದೇ ಹಳಿಯ ಮೇಲೆ ನಿಧಾನದ ಗೂಡ್ಸ್ ರೈಲೂ ಓಡುತ್ತದೆ, ಕೆಲವೊಮ್ಮೆ ಸಿಗ್ನಲ್ ಸಿಗದೆ ತಿರುವಿನಲ್ಲೇ ನಿಲ್ಲುತ್ತದೆ. ಆಗ ಅದರ ಭಾರ ಒಳಗಿನ ಹಳಿಯ ಮೇಲೆ ಹೆಚ್ಚು ಬೀಳುತ್ತದೆ. ಉಳಿದ ಮೂರೂವರೆ ಡಿಗ್ರಿಯನ್ನು ರೈಲೇ ವಾಲಿ ತುಂಬಿಕೊಳ್ಳಲಿ ಎಂಬ ಯೋಚನೆಯಿಂದ ಈ ರೈಲುಗಳು ಬಂದವು. ಚಕ್ರಗಳ ಚೌಕಟ್ಟು ಹಳಿಯ ಮೇಲೆ ಇದ್ದ ಹಾಗೆಯೇ ಇರುತ್ತದೆ. ಅದರ ಮೇಲೆ ಕೂತ ಪೆಟ್ಟಿಗೆ ಮಾತ್ರ ತಿರುವಿನ ಒಳಕ್ಕೆ ವಾಲುತ್ತದೆ. (ರೈಲ್ವೆಯವರು ಬೋಗಿ ಎನ್ನುವುದು ಈ ಚೌಕಟ್ಟಿಗೆ. ನಾವು ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತೇವೆ. ತರಗತಿಯಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.)

ಇಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿರುತ್ತದೆ: ವಾಲುವುದರಿಂದ ರೈಲು ಮಗುಚದೆ ಉಳಿಯುತ್ತದೆ ಎಂದು. ಸೈಕಲ್ ನೋಡಿದ ಮಕ್ಕಳು ಹಾಗೆ ಯೋಚಿಸುವುದು ಸಹಜ. ಆದರೆ ವಾಲುವುದರಿಂದ ಹಳಿಗೂ ಚಕ್ರಕ್ಕೂ ಯಾವ ಉಪಕಾರವೂ ಇಲ್ಲ. ಜವ ಹೆಚ್ಚಿದ್ದರಿಂದ ಹಳಿಯ ಮೇಲಿನ ಪಕ್ಕದ ಬಲವೂ ಹೆಚ್ಚೇ ಆಗಿರುತ್ತದೆ. ಅದನ್ನು ಹಳಿ ತಾಳಿಕೊಳ್ಳಬೇಕು. ಸಾಮಾನ್ಯ ರೈಲು ತಿರುವಿನಲ್ಲಿ ಜವ ತಗ್ಗಿಸುವುದು ಮಗುಚುವ ಮಿತಿಗಿಂತ ಬಹಳ ಮೊದಲೇ, ಪ್ರಯಾಣಿಕರಿಗೆ ಹಿತವಾಗಲಿ ಎಂದು. ವಾಲುವುದು ಒಳಗೆ ಕೂತವರಿಗಾಗಿ, ಅವರ ಕೈಯಲ್ಲಿರುವ ಕಾಫಿ ಲೋಟಕ್ಕಾಗಿ.

ಬೋಧನೋಪಕರಣಕ್ಕೆ ಒಂದು ಸ್ಟೀಲ್ ತಟ್ಟೆ ಮತ್ತು ಸುತಳಿ ಸಾಕು. ತಟ್ಟೆಗೆ ಮೂರು ತೂತು ಕೊರೆದು ತಕ್ಕಡಿಯಂತೆ ಕಟ್ಟಿ, ಮೇಲೆ ನೀರಿನ ಲೋಟ ಇಟ್ಟು, ಹಿಡಿದುಕೊಂಡು ಗಿರಗಿರನೆ ಸುತ್ತಬೇಕು. ತಟ್ಟೆ ಹೊರಕ್ಕೆ ತೂಗಿ ಓರೆಯಾಗುತ್ತದೆ, ಲೋಟ ಜಾರುವುದಿಲ್ಲ, ನೀರು ಚೆಲ್ಲುವುದಿಲ್ಲ. ಅದೇ ಲೋಟವನ್ನು ಅಂಗೈಯಲ್ಲಿ ಮಟ್ಟಸವಾಗಿ ಹಿಡಿದ ತಟ್ಟೆಯಲ್ಲಿಟ್ಟು ಸುತ್ತಿದರೆ ಮೊದಲ ಸಾಲಿನವರು ನೆನೆಯುತ್ತಾರೆ. ಮೊದಲನೆಯದು ಸ್ಪೇನಿನ ಟಾಲ್ಗೊ ರೈಲಿನ ತತ್ವ: ಡಬ್ಬಿಯನ್ನು ಎತ್ತರದಲ್ಲಿ ಆಧರಿಸಿ ತೂಗಲು ಬಿಟ್ಟರೆ ಯಂತ್ರವಿಲ್ಲದೆ ತಾನೇ ವಾಲುತ್ತದೆ. 2016ರಲ್ಲಿ ಈ ರೈಲಿನ ಡಬ್ಬಿಗಳನ್ನು ತರಿಸಿ ನಮ್ಮ ಹಳಿಗಳ ಮೇಲೆ ಪರೀಕ್ಷೆ ಮಾಡಿದ್ದರು. ಮಥುರಾ–ಪಲ್ವಲ್ ನಡುವೆ ಗಂಟೆಗೆ 180 ಕಿ.ಮೀ. ಮುಟ್ಟಿತು.

ಇಟಲಿಯ ಪೆಂಡೊಲಿನೊ ಬೇರೆ ದಾರಿ ಹಿಡಿಯಿತು. 1976ರಲ್ಲಿ ಮೊದಲ ರೈಲು, 1988ರಲ್ಲಿ ಗಂಟೆಗೆ 250 ಕಿ.ಮೀ.ವರೆಗೆ ಓಡುವ ವಿದ್ಯುತ್ ರೈಲು. ಇಲ್ಲಿ ಯಂತ್ರವೇ ಡಬ್ಬಿಯನ್ನು ವಾಲಿಸುತ್ತದೆ. ಮುಂದಿನ ಚೌಕಟ್ಟಿನ ಸಂವೇದಕಗಳು ತಿರುವನ್ನು ಗುರುತಿಸುತ್ತವೆ, ಒಂದೊಂದು ಡಬ್ಬಿಗೂ ಅದರದರ ಸರದಿಯಲ್ಲಿ ಆದೇಶ ಹೋಗುತ್ತದೆ. ಡಬ್ಬಿಯ ಮೇಲ್ಭಾಗ ಕಿರಿದಾಗಿರುವುದು ಅಂದಕ್ಕಲ್ಲ, ವಾಲಿದಾಗ ಪಕ್ಕದ ಹಳಿಯ ರೈಲಿಗೆ ತಾಗದಿರಲಿ ಎಂದು. 'ಹಾಗಾದ್ರೆ ಮೇಲಿನ ಕರೆಂಟ್ ತಂತಿ?' ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಡಬ್ಬಿಯ ಜೊತೆ ವಾಲಿದರೆ ತಂತಿ ತಪ್ಪುತ್ತದೆ. ಆದ್ದರಿಂದ ಅದು ವಾಲದ ಹಾಗೆ ವ್ಯವಸ್ಥೆ ಇರುತ್ತದೆ.

ಕಳಸದ ತರಗತಿ ಕಿವಿಗೊಟ್ಟು ಕೇಳಿದ್ದು ವಾಂತಿಯ ಭಾಗವನ್ನು. ಬ್ರಿಟನ್ 1981ರ ಡಿಸೆಂಬರಿನಲ್ಲಿ ತನ್ನ ಎಪಿಟಿ ರೈಲನ್ನು ಪ್ರಯಾಣಿಕರಿಗೆ ಬಿಟ್ಟಿತು. ಅದು ಪಕ್ಕದ ನೂಕನ್ನು ಪೂರ್ತಿ ಅಳಿಸುವಷ್ಟು ವಾಲುತ್ತಿತ್ತು. ಕಿಟಕಿಯಾಚೆ ಬಯಲು ಓರೆಯಾಗಿ ಏಳುವುದನ್ನು ಕಣ್ಣು ನೋಡಿತು, ಒಳಗಿವಿಗೆ ಏನೂ ತಿಳಿಯಲಿಲ್ಲ, ಹೊಟ್ಟೆ ತೊಳಸಿತು. ನಮ್ಮ ಘಟ್ಟದ ಬಸ್ಸಿನಲ್ಲಿ ಇದರ ತಿರುಗುಮುರುಗು: ಮೊಬೈಲ್ ನೋಡುವ ಕಣ್ಣಿಗೆ ಎಲ್ಲವೂ ನಿಂತಿದೆ, ಒಳಗಿವಿಗೆ ಮಾತ್ರ ತಿರುವು ಗೊತ್ತಾಗುತ್ತಿದೆ. ನಿಂಬೆಹಣ್ಣು ಮೂಸುವುದಕ್ಕಿಂತ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುವುದು ಮೇಲು ಎನ್ನುವುದು ಇದಕ್ಕೇ. ಮುಂದಿನ ರೈಲುಗಳಲ್ಲಿ ವಾಲುವುದನ್ನು ಬೇಕೆಂದೇ ಕಡಿಮೆ ಮಾಡಿ, ತಿರುವು ಸ್ವಲ್ಪ ಮೈಗೆ ತಿಳಿಯುವಂತೆ ಬಿಟ್ಟರು.

ವಂದೇ ಭಾರತ್ ಬಗ್ಗೆ ಒಂದು ಮಾತು. 2022ರ ನವೆಂಬರಿನಲ್ಲಿ ಶುರುವಾದ ಮೈಸೂರು–ಚೆನ್ನೈ ರೈಲು ವಾಲುವುದಿಲ್ಲ. ತಾನೇ ತೆರೆಯುವ ಬಾಗಿಲು, ಮುಂದಿನ ನಿಲ್ದಾಣ ತೋರಿಸುವ ಪರದೆ, ಎಕ್ಸಿಕ್ಯೂಟಿವ್ ದರ್ಜೆಯಲ್ಲಿ ತಿರುಗುವ ಕುರ್ಚಿ ಇವೆ. ಆ ಕುರ್ಚಿ ತಿರುವಿಗಾಗಿ ಎಂದು ಇಬ್ಬರು ವಾದಿಸಿದರು. ಅದು ಪ್ರಯಾಣದ ದಿಕ್ಕಿಗೆ ಮುಖ ಮಾಡಿ ಕೂರಲು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಂತೂ ವಾಲುವ ರೈಲು ತಂದರೂ ಹೆಚ್ಚು ಲಾಭವಿಲ್ಲ. 50 ಮೀಟರಿಗೆ 1 ಮೀಟರ್ ಏರುವ, 57 ಸುರಂಗಗಳ ಆ ದಾರಿಯಲ್ಲಿ ಜವವನ್ನು ಕಟ್ಟಿಹಾಕಿರುವುದು ತಿರುವೊಂದೇ ಅಲ್ಲ.

ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ ಇದು: ವಾಲುವ ರೈಲು ತಿರುವಿನ ನಡುವೆ ನಿಂತುಬಿಟ್ಟರೆ ಡಬ್ಬಿ ವಾಲಿಯೇ ಇರಬೇಕೇ, ನೆಟ್ಟಗಾಗಬೇಕೇ, ಏಕೆ? ತಟ್ಟೆ ಸುತ್ತಿ ನೋಡಿದ್ದ ಮಕ್ಕಳು ಉತ್ತರ ಬರೆಯುವ ಮೊದಲು ಸುತಳಿ ಕೇಳಿ ತೆಗೆದುಕೊಂಡರು.