ಚಾಂದಿಪುರ ಜ್ವರ: ಮಳೆಗೆ ಮುಂಚಿನ ತಯಾರಿ

ನಾಗಪುರದ ಹತ್ತಿರದ ಚಾಂದಿಪುರ ಹಳ್ಳಿಯ ಹೆಸರು ವೈರಸ್ಸೊಂದಕ್ಕೆ ಅಂಟಿಕೊಂಡದ್ದು 1965ರಲ್ಲಿ. ಆಗ ಆ ಸೀಮೆಯಲ್ಲಿ ಡೆಂಗಿ, ಚಿಕುನ್‌ಗುನ್ಯಾ ಹಬ್ಬಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಜ್ವರ ಬಂದವರ ರಕ್ತ ಪರೀಕ್ಷಿಸುತ್ತಿದ್ದಾಗ, ಇಬ್ಬರ ರಕ್ತದಲ್ಲಿ ಅವೆರಡೂ ಅಲ್ಲದ ಇನ್ನೊಂದು ವೈರಸ್ ಸಿಕ್ಕಿತು. ಪಿ. ಎನ್. ಭಟ್ ಮತ್ತು ಎಫ್. ಎಂ. ರಾಡ್ರಿಗಸ್ 1967ರಲ್ಲಿ ಅದರ ವಿವರ ಪ್ರಕಟಿಸಿದರು. ರೇಬಿಸ್ ವೈರಸ್ಸಿನ ಕುಟುಂಬಕ್ಕೇ ಸೇರಿದ್ದು ಅದು. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆ ಮಾಡಿದ್ದೂ ಇದೇ ಕೇಂದ್ರ. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ.

ಮಂಗನ ಕಾಯಿಲೆ ಎಷ್ಟೋ ಸಲ ಮುನ್ಸೂಚನೆ ಕೊಟ್ಟು ಬರುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಊರವರು ಎಚ್ಚರಗೊಳ್ಳುತ್ತಾರೆ, ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟುತ್ತದೆ. ಚಾಂದಿಪುರ ವೈರಸ್ ಹಾಗಲ್ಲ, ಅದರ ಮೊದಲ ಸುಳಿವೇ ಒಂದು ಮಗು. ಬೆಳಿಗ್ಗೆ ಜ್ವರ, ಸಂಜೆಗೆ ವಾಂತಿ, ರಾತ್ರಿ ಫಿಟ್ಸ್, ಆಮೇಲೆ ಪ್ರಜ್ಞೆಯೇ ಇಲ್ಲ. ಎಷ್ಟೋ ಮಕ್ಕಳು ಒಂದೆರಡು ದಿನಗಳಲ್ಲೇ ತೀರಿಹೋಗುತ್ತಾರೆ.

ಪತ್ತೆಯಾದ ಮೇಲೆ ದಶಕಗಳ ಕಾಲ ಈ ವೈರಸ್ಸಿನ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 2003ರ ಮಳೆಗಾಲದಲ್ಲಿ ಆಂಧ್ರಪ್ರದೇಶದಲ್ಲಿ 329 ಮಕ್ಕಳಿಗೆ ಮಿದುಳುಜ್ವರ ಬಂದು 183 ಮಕ್ಕಳು ಸತ್ತಾಗ, ತನಿಖೆ ಬಂದು ನಿಂತದ್ದು ಚಾಂದಿಪುರ ವೈರಸ್ಸಿನ ಮುಂದೆ. ಮರುವರ್ಷ ಗುಜರಾತ್. 2007ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹೆಸರು ಕೊಟ್ಟ ಸೀಮೆಗೇ ವಾಪಸು: ನಾಗಪುರ ವಿಭಾಗದಲ್ಲಿ 78 ಮಕ್ಕಳಿಗೆ ಮಿದುಳುಜ್ವರ, 34 ಸಾವು.

ನಾಗಪುರದ ಆ ಲೆಕ್ಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಅಂಕಿ. ರಕ್ತ, ಬೆನ್ನುಹುರಿಯ ದ್ರವ ಎಲ್ಲವನ್ನೂ ಪರೀಕ್ಷಿಸಿದ ಮೇಲೂ ಚಾಂದಿಪುರ ಎಂದು ಖಚಿತವಾದದ್ದು 39 ಮಕ್ಕಳಲ್ಲಿ ಮಾತ್ರ. ಉಳಿದರ್ಧ ಮಕ್ಕಳ ವಿಷಯದಲ್ಲಿ ಆ ಖಾತ್ರಿ ಸಿಗಲಿಲ್ಲ. ಇದು ಪ್ರಯೋಗಾಲಯದ ಸೋಲೇನಲ್ಲ; ಮಾದರಿ ತೆಗೆದ ಹೊತ್ತು, ವೈರಸ್ ರಕ್ತದಲ್ಲಿ ಉಳಿಯುವ ಅವಧಿ, ಪ್ರತಿಕಾಯಗಳು ಮೂಡಲು ಬೇಕಾದ ದಿನಗಳು, ಎಲ್ಲ ಹೊಂದಿಕೊಂಡರೆ ಮಾತ್ರ ಉತ್ತರ ಸಿಗುತ್ತದೆ. ನಾಗಪುರದಿಂದ ಪುಣೆಗೆ ಸುಮಾರು 700 ಕಿಲೋಮೀಟರ್. ಐಸ್ ಪೆಟ್ಟಿಗೆಯಲ್ಲಿಟ್ಟ ಮಾದರಿ ಅಲ್ಲಿಗೆ ತಲುಪಿ ವರದಿ ಬರುವಷ್ಟು ಕಾಲ ಆ ಮಗುವಿಗೆ ಇರುವುದಿಲ್ಲ. ಆದ್ದರಿಂದ ರೋಗದ ಹೆಸರು ಗೊತ್ತಾಗಲಿ ಎಂದು ಕಾದು ಕೂರುವ ಯಾವ ಯೋಜನೆಯೂ ಇಲ್ಲಿ ನಡೆಯದು. ಲಕ್ಷಣ ನೋಡಿಯೇ ಕೆಲಸ ಶುರುವಾಗಬೇಕು.

ಆರೋಗ್ಯ ಇಲಾಖೆಯ ಕಾಗದಗಳಲ್ಲಿ ಕಾಣುವ 'ಎಇಎಸ್' (ಅಕ್ಯೂಟ್ ಎನ್ಸೆಫಲೈಟಿಸ್ ಸಿಂಡ್ರೋಮ್) ಎಂಬ ಮೂರಕ್ಷರ ಇರುವುದೇ ಇದಕ್ಕಾಗಿ. ಹಠಾತ್ ಜ್ವರ, ಜೊತೆಗೆ ಮಂಕು, ತೊದಲು, ಪ್ರಜ್ಞೆ ತಪ್ಪುವುದು ಅಥವಾ ಹೊಸದಾಗಿ ಫಿಟ್ಸ್ ಬರುವುದು: ಇಷ್ಟಿದ್ದರೆ ಕಾರಣ ಏನೇ ಇರಲಿ, ಆ ಮಗು ಪಟ್ಟಿಗೆ ಸೇರಬೇಕು. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಲಕ್ಷಣ ಬರೆಯುತ್ತಾರೆ, ವೈದ್ಯರು ತಮ್ಮ ಅಂದಾಜು ಬರೆಯುತ್ತಾರೆ, ಪ್ರಯೋಗಾಲಯ ಖಚಿತ ಫಲಿತಾಂಶ ಬರೆಯುತ್ತದೆ. ಈ ಮೂರರಲ್ಲಿ ಮೊದಲನೆಯದೇ ನನ್ನ ಪ್ರಕಾರ ಅತ್ಯಮೂಲ್ಯ, ಬೇಗ ಕೈಗೆ ಸಿಗುವುದು ಅದೊಂದೇ. ಒಂದೇ ತಾಲ್ಲೂಕಿನ ಎರಡು ಹಳ್ಳಿಗಳಿಂದ ಒಂದೇ ವಾರದಲ್ಲಿ ಇಂಥ ಎರಡು ಮಕ್ಕಳ ಸುದ್ದಿ ಬಂದರೆ ಜಿಲ್ಲೆಯ ಕ್ಷಿಪ್ರ ಸ್ಪಂದನಾ ತಂಡ ಅಂದೇ ಹೊರಡಬೇಕು.

ತಂಡ ಮೊದಲು ಮಾಡುವ ಕೆಲಸ ಲೈನ್ ಲಿಸ್ಟ್. ಒಬ್ಬ ರೋಗಿಗೆ ಒಂದು ಸಾಲು: ವಯಸ್ಸು, ಊರು, ಜ್ವರ ಶುರುವಾದ ದಿನ, ಲಕ್ಷಣ, ಎಲ್ಲಿ ಮಲಗುತ್ತಿದ್ದದ್ದು, ಏನು ತಿಂದದ್ದು, ಯಾವ ಔಷಧ ಕೊಟ್ಟದ್ದು. ನೋಡಲು ಗುಮಾಸ್ತಿಕೆಯ ಕೆಲಸ. ಆದರೆ ಯಾವ ಅಂಕಣ ಯಾವಾಗ ಉತ್ತರ ಹೇಳುತ್ತದೋ ಯಾರೂ ಮೊದಲೇ ಹೇಳಲಾರರು. 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಕ್ಕದ ಮಧ್ಯಪ್ರದೇಶದ ಛಿಂದ್‌ವಾಡಾ ಜಿಲ್ಲೆಯಲ್ಲಿ ಮಕ್ಕಳ ಮೂತ್ರಪಿಂಡ ಕೆಟ್ಟು, ಹಲವರನ್ನು ನಾಗಪುರದ ಆಸ್ಪತ್ರೆಗಳಿಗೆ ತಂದರು. ಸೋಂಕಿನ ಗುಮಾನಿಯಿಂದ ನೀರನ್ನೂ ಸೊಳ್ಳೆಗಳನ್ನೂ ಪರೀಕ್ಷಿಸಿದರು. ಕೊನೆಗೆ ಸಿಕ್ಕಿಬಿದ್ದದ್ದು ಕೆಮ್ಮಿನ ಸಿರಪ್. ತಮಿಳುನಾಡಿನ ಪರೀಕ್ಷೆಯಲ್ಲಿ ಅದರೊಳಗೆ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇದ್ದದ್ದು ಗೊತ್ತಾಯಿತು. ಔಷಧದ ಆ ಒಂದು ಅಂಕಣ ಯಾವ ಲೈನ್ ಲಿಸ್ಟಿನಲ್ಲೂ ಖಾಲಿ ಉಳಿಯಕೂಡದು.

ಚಾಂದಿಪುರ ವೈರಸ್ಸಿಗೆ ಲಸಿಕೆಯೂ ಇಲ್ಲ, ಅದನ್ನೇ ಕೊಲ್ಲುವ ಔಷಧವೂ ಇಲ್ಲ. ಆದರೂ ಮಾಡಬಹುದಾದದ್ದು ಬೇಕಾದಷ್ಟಿದೆ. ಫಿಟ್ಸ್ ನಿಲ್ಲಿಸುವುದು, ಉಸಿರಾಟ ಕಾಪಾಡುವುದು, ರಕ್ತದ ಸಕ್ಕರೆ ನೋಡುವುದು, ಮಿದುಳಿನ ಬಾವು ಇಳಿಸುವುದು. ಇವಕ್ಕೆ ವೈರಸ್ಸಿನ ಹೆಸರು ಬೇಕಿಲ್ಲ, ಹೊತ್ತು ಮೀರದೆ ಮಾಡುವ ಕೈ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಿಟ್ಸಿನ ಔಷಧ, ಆಕ್ಸಿಜನ್, ಗ್ಲುಕೋಮೀಟರ್ ಇವೆಯೇ, ಮಕ್ಕಳ ತೀವ್ರ ನಿಗಾ ಘಟಕದ ಹಾಸಿಗೆ ಯಾವ ಆಸ್ಪತ್ರೆಯಲ್ಲಿ ಖಾಲಿ ಇದೆ, ನಡುರಾತ್ರಿ ಆಂಬುಲೆನ್ಸ್ ಎಲ್ಲಿಂದ ಬರುತ್ತದೆ ಎಂಬುದೆಲ್ಲ ಮೇ ತಿಂಗಳಲ್ಲೇ ಇತ್ಯರ್ಥವಾಗಿರಬೇಕು.

ವೈರಸ್ಸನ್ನು ಹೊತ್ತು ತರುವ ಮರಳುನೊಣ ಹೆಚ್ಚೆಂದರೆ ಮೂರು ಮಿಲಿಮೀಟರ್ ಉದ್ದ. ಮೈತುಂಬ ರೋಮ, ಕೂತಾಗ ಎರಡೂ ರೆಕ್ಕೆ ಮೇಲೆತ್ತಿ ಹಿಡಿದಿರುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ನುಸುಳಿಬಿಡುತ್ತದೆ. ಮೊಟ್ಟೆ ಇಡುವುದು ನೀರಿನಲ್ಲಲ್ಲ, ಮಣ್ಣುಗೋಡೆಯ ಬಿರುಕು, ದನದ ಕೊಟ್ಟಿಗೆಯ ತೇವದ ನೆಲ, ಸಗಣಿ ಬೆರೆತ ಮಣ್ಣಿನಲ್ಲಿ. ಡೆಂಗಿಗೆಂದು ಕಲಿತ ಪಾಠ, ಅಂದರೆ ತೊಟ್ಟಿ ಖಾಲಿ ಮಾಡುವುದು, ಹೊಂಡಕ್ಕೆ ಗಪ್ಪಿ ಮೀನು ಬಿಡುವುದು, ಇದರ ಮುಂದೆ ನಡೆಯುವುದಿಲ್ಲ. ಈ ನೊಣ ಎತ್ತರಕ್ಕೆ ಹಾರದೆ ಕುಪ್ಪಳಿಸುತ್ತಾ ಗೋಡೆಯ ಕೆಳಭಾಗದಲ್ಲೇ ಓಡಾಡಿಕೊಂಡಿರುತ್ತದೆ. ಅದಕ್ಕೇ, ಮರಳುನೊಣದಿಂದಲೇ ಹರಡುವ ಕಾಲಾ ಅಜಾರ್ ರೋಗದ ನಿಯಂತ್ರಣಕ್ಕೆ ಬಿಹಾರದಲ್ಲಿ ಗೋಡೆಗೆ ಆರಡಿ ಎತ್ತರದವರೆಗೆ ಕೀಟನಾಶಕ ಹೊಡೆಯುವ ರೂಢಿ. ಬಿರುಕು ಮುಚ್ಚಿ ಗೋಡೆ ಸಾರಿಸುವುದು, ಕೊಟ್ಟಿಗೆಗೂ ಔಷಧ ಹೊಡೆಸುವುದು ಮುಂಗಾರಿಗೆ ಮುಂಚೆ ಮುಗಿಯಬೇಕು. ಮಗು ಸತ್ತ ಮೇಲೆ ಆ ಬೀದಿಗೆ ಪಂಪು ಹೊತ್ತುಕೊಂಡು ಬಂದರೆ ಆ ಮನೆಗೆ ಏನು ಸಿಕ್ಕಿತು?

2024ರ ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ ದೇಶದಲ್ಲಿ 245 ಮಿದುಳುಜ್ವರ ಪ್ರಕರಣ, 82 ಸಾವು ವರದಿಯಾದವು. ಅವುಗಳಲ್ಲಿ 64 ಚಾಂದಿಪುರ ಎಂದು ಖಚಿತ, ಹೆಚ್ಚಿನವು ಗುಜರಾತಿನವು. ಇಪ್ಪತ್ತು ವರ್ಷಗಳಲ್ಲೇ ದೊಡ್ಡ ಸ್ಫೋಟ ಎಂದಿತು ವಿಶ್ವ ಆರೋಗ್ಯ ಸಂಸ್ಥೆ. ಮನುಷ್ಯ, ದನಕರು, ಕೀಟಗಳನ್ನು ಒಟ್ಟಿಗೆ ನೋಡದೆ ಇಂಥ ರೋಗಗಳ ಬುಡ ಸಿಗುವುದಿಲ್ಲ. ನಾಗಪುರದಲ್ಲಿ 2022ರ ಡಿಸೆಂಬರ್ 11ರಂದು ರಾಷ್ಟ್ರೀಯ ಒನ್ ಹೆಲ್ತ್ ಸಂಸ್ಥೆಗೆ ಶಂಕುಸ್ಥಾಪನೆಯಾದದ್ದು ಈ ದೃಷ್ಟಿಯಿಂದ ಸರಿಯಾದ ಊರಿನಲ್ಲಿ ಇಟ್ಟ ಸರಿಯಾದ ಹೆಜ್ಜೆ.

ಯೋಜನೆಯ ಕಾಗದದಲ್ಲಿ ಇನ್ನೂ ಒಂದು ಸಾಲು ಇರಲೇಬೇಕು ಎನ್ನುತ್ತೇನೆ. ಮಗುವಿನ ರಕ್ತ ತೆಗೆದುಕೊಂಡು ಹೋದ ಮೇಲೆ ಅದರ ಫಲಿತಾಂಶವನ್ನು ಆಶಾ ಕಾರ್ಯಕರ್ತೆಯ ಮೂಲಕ ಆ ಮನೆಗೆ ತಿರುಗಿ ತಲುಪಿಸುವವರು ಯಾರು, ಎಷ್ಟು ದಿನದೊಳಗೆ ಎಂಬುದು. ಅದೇ ಮನೆಯಲ್ಲಿ ತಮ್ಮನೋ ತಂಗಿಯೋ ಇರುತ್ತಾರೆ, ಗೋಡೆಯಲ್ಲಿ ಅದೇ ಬಿರುಕು ಇರುತ್ತದೆ, ಜೂನ್ ಮತ್ತೆ ಬರುತ್ತದೆ.